ಜೇಬಿನ ಚಾಕು: ತೋಟದವರು ಯಾವುದನ್ನು ಆರಿಸಬೇಕು, ಹೇಗೆ ಇಟ್ಟುಕೊಳ್ಳಬೇಕು?

ಗೊಬ್ಬರ, ಬೀಜ, ಪಂಪು ಕೊಳ್ಳುವಾಗ ನಾವು ನಾಲ್ಕು ಜನರನ್ನು ಕೇಳ್ತೀವಿ. ದಿನಕ್ಕೆ ಇಪ್ಪತ್ತು ಸಲ ಕೈಗೆ ಬರುವ ಚಾಕುವನ್ನು ಮಾತ್ರ ಸಂತೆಯಲ್ಲಿ ಕಣ್ಣಿಗೆ ಬಿದ್ದದ್ದು ತಂದುಬಿಡ್ತೀವಿ. ಹೊಳಲಿನ ನಮ್ಮ ತೋಟಕ್ಕೆ ಬರುವ ಹುಡುಗರು ಹೆಚ್ಚಾಗಿ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಅಣ್ಣ, ಜೇಬಲ್ಲಿ ಇಟ್ಕೊಳ್ಳೋಕೆ ಯಾವ ಚಾಕು ಒಳ್ಳೇದು?" ಈ ವಾರ ಅದಕ್ಕೇ ಉತ್ತರ. ಕಂಪನಿ ಹೆಸರಿಗಿಂತ ಮೂರು ವಿಷಯ ಮುಖ್ಯ. ಚಾಕು ಕೈ ಕುಯ್ಯಬಾರದು, ಮನೆಯಲ್ಲೇ ಹರಿತ ಮಾಡಲು ಬರಬೇಕು, ಒಂದು ಗಿಡದ ರೋಗವನ್ನು ಇನ್ನೊಂದಕ್ಕೆ ಹೊರಬಾರದು. ಮೂರನೆಯದನ್ನು ನಮ್ಮಲ್ಲಿ ಬಹಳ ಜನ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಮೊದಲು ಕೆಲಸ ನೋಡಿ, ಆಮೇಲೆ ಚಾಕು

ಒಂದು ವಾರ ಗಮನಿಸಿ, ಚಾಕು ಬೇಕು ಅನಿಸಿದ್ದು ಯಾವುದಕ್ಕೆ? ಚೀಲದ ಬಾಯಿ ಬಿಚ್ಚಲು, ಸುತ್ಲಿ ದಾರ ಕತ್ತರಿಸಲು, 16 ಮಿ.ಮೀ. ಡ್ರಿಪ್ ಪೈಪು ತುಂಡು ಮಾಡಲು, ಸಸಿಯ ಪಾಲಿಥೀನ್ ಚೀಲ ಸೀಳಲು, ಬಾಳೆ ಎಲೆ ಕುಯ್ಯಲು, ಬದನೆಕಾಯಿ ಸೀಳಿ ಒಳಗೆ ಹುಳು ಇದೆಯಾ ನೋಡಲು. ಇವೆಲ್ಲ ಸಣ್ಣ ಕೆಲಸ. ಇವಕ್ಕೆ 7ರಿಂದ 8.5 ಸೆಂ.ಮೀ. ಉದ್ದದ, ಸುಮಾರು 2 ಮಿ.ಮೀ. ದಪ್ಪದ ಅಲಗು ಸಾಕು. ಅಂದರೆ ಮೂರು ಅಂಗುಲದ ಆಸುಪಾಸು.

ಎಳನೀರು ಕೆತ್ತುವುದು, ಹಿಪ್ಪುನೇರಳೆ ಕಡ್ಡಿ ಕಡಿಯುವುದು, ಬಿತ್ತನೆ ಕಬ್ಬು ತುಂಡು ಮಾಡುವುದು ಜೇಬಿನ ಚಾಕುವಿನ ಕೆಲಸ ಅಲ್ಲ. ಅದಕ್ಕೆ ಮಚ್ಚು, ಕುಡ್ಲು ಇದೆ. ಡಬ್ಬಿ ಮುಚ್ಚಳ ಮೀಟಲು, ಸ್ಕ್ರೂ ತಿರುಗಿಸಲು ಚಾಕುವಿನ ಮೊನೆ ಬಳಸಿದರೆ ಮೊದಲು ಮೊನೆ ಮುರಿಯುತ್ತೆ, ಆಮೇಲೆ ಕೈಗೆ ಏಟಾಗುತ್ತೆ. ದೊಡ್ಡ ಚಾಕು ಕೊಂಡರೆ ಎಲ್ಲಾ ಕೆಲಸ ಆಗುತ್ತೆ ಅನ್ನೋದು ತಪ್ಪು ಲೆಕ್ಕ. ದೊಡ್ಡದು ಭಾರ ಅಂತ ಮನೆಯಲ್ಲೇ ಉಳಿಯುತ್ತೆ. ಜೇಬಿನಲ್ಲಿ ಇಲ್ಲದ ಚಾಕು ಇದ್ದೂ ಇಲ್ಲದ ಹಾಗೆ.

ಅಲಗಿನ ಆಕಾರ

ದಿನದ ಬಳಕೆಗೆ ನೇರ ಬಾಯಿ, ತುದಿಯ ಕಡೆ ಸ್ವಲ್ಪ ಮಾತ್ರ ಬಾಗಿದ ಅಲಗು ಒಳ್ಳೆಯದು. ಇದನ್ನು ಮಸೆಯುವುದು ಸುಲಭ. ಗಿಣಿಯ ಕೊಕ್ಕಿನಂತೆ ಒಳಕ್ಕೆ ಬಾಗಿದ ಅಲಗು ಕಡ್ಡಿ, ಹೂವಿನ ದಂಟು ಎಳೆದು ಕುಯ್ಯಲು ಚೆನ್ನ, ಆದರೆ ಚಪ್ಪಟೆ ಕಲ್ಲಿನಲ್ಲಿ ಮಸೆಯಲು ಕಷ್ಟ. ಗರಗಸದ ಹಲ್ಲಿನಂಥ ಬಾಯಿ ಹಗ್ಗಕ್ಕೆ ಸರಿ, ಗಿಡಕ್ಕೆ ಬೇಡ. ಹಲ್ಲು ತೊಗಟೆಯನ್ನು ಕುಯ್ಯುವುದಿಲ್ಲ, ಹರಿಯುತ್ತೆ. ಹರಿದ ಗಾಯ ಮಾಯಲು ತಡ, ಕೊಳೆಯಲು ಬೇಗ.

ಯಾವ ಉಕ್ಕು?

ಕಾರ್ಬನ್ ಉಕ್ಕು ಬೇಗ ಹರಿತ ಆಗುತ್ತೆ, ಬಾಯಿ ಸಣ್ಣಗೆ ಬರುತ್ತೆ. ಆದರೆ ತುಕ್ಕು ಹಿಡಿಯುತ್ತೆ. ಬಾಳೆ ಸೊನೆ, ಮಾವಿನ ಸೊನೆ ತಾಗಿದ ಮೇಲೆ ಒರೆಸದೆ ಬಿಟ್ಟರೆ ಕಪ್ಪಾಗುತ್ತೆ. ಸೊನೆಯ ಒಗರಿನ ಅಂಶ ಕಬ್ಬಿಣದ ಜೊತೆ ಸೇರಿದಾಗ ಬರುವ ಬಣ್ಣ ಅದು, ಗಾಬರಿ ಬೇಡ. ಕೆಂಪು ತುಕ್ಕು ಬಂದರೆ ಮಾತ್ರ ಉಜ್ಜಿ ತೆಗೆಯಬೇಕು. ನಮ್ಮ ಕಡೆ ಕುಲುಮೆಗಳಲ್ಲಿ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಿಂದ ಮಾಡುವ ಮಚ್ಚು, ಚಾಕು ಈ ಜಾತಿಯವೇ. ಹದ ಸರಿಯಾಗಿ ಕೊಟ್ಟಿದ್ದರೆ ವರ್ಷಗಟ್ಟಲೆ ಬಾಳುತ್ತವೆ.

ಸ್ಟೇನ್‌ಲೆಸ್ ಉಕ್ಕಿಗೆ ತುಕ್ಕಿನ ಭಯ ಕಡಿಮೆ. ನಾಲೆ ನೀರಿನ ಗದ್ದೆಯಲ್ಲಿ, ಬೆವರಿನ ಜೇಬಿನಲ್ಲಿ ದಿನವಿಡೀ ಇರುವ ಚಾಕುವಿಗೆ ಇದು ದೊಡ್ಡ ಅನುಕೂಲ. ತೀರಾ ಅಗ್ಗದ್ದು ಮೆತ್ತಗಿರುತ್ತೆ, ಎರಡು ದಿನಕ್ಕೆ ಮೊಂಡಾಗುತ್ತೆ. ತೀರಾ ಗಟ್ಟಿ ಉಕ್ಕು ಮನೆಯ ಸಾಣೆಕಲ್ಲಿಗೆ ಬಗ್ಗುವುದಿಲ್ಲ. ಮಧ್ಯದ್ದು ನೋಡಿ. ಸ್ವಿಟ್ಜರ್‌ಲೆಂಡಿನ ವಿಕ್ಟೋರಿನಾಕ್ಸ್ ಜೇಬಿನ ಚಾಕುಗಳಲ್ಲಿ ಬಳಸುವುದು ಇಂಥ ಮಧ್ಯಮ ಗಡಸಿನ ಸ್ಟೇನ್‌ಲೆಸ್. ಫ್ರಾನ್ಸಿನಲ್ಲಿ 1890ರಲ್ಲಿ ಶುರುವಾದ ಒಪಿನೆಲ್ ಚಾಕು ಕಾರ್ಬನ್, ಸ್ಟೇನ್‌ಲೆಸ್ ಎರಡರಲ್ಲೂ ಬರುತ್ತೆ. ಅಲ್ಲಿನ ಹಳ್ಳಿಯವರ ಜೇಬಿನ ಚಾಕು ಅದು. ಅದರ 8ನೇ ನಂಬರಿನ ಅಲಗು 8.5 ಸೆಂ.ಮೀ. ಆದರೆ ಮರದ ಹಿಡಿ ಮಳೆಗಾಲದಲ್ಲಿ ಊದಿಕೊಂಡು ಅಲಗು ತೆರೆಯಲು ಬಿಗಿಯಾಗುತ್ತೆ, ಭತ್ತದ ಗದ್ದೆಯವರು ಇದನ್ನು ನೆನಪಿಡಿ. ಇಂಥವನ್ನೇ ಕೊಳ್ಳಿ ಅಂತ ನಾನು ಹೇಳ್ತಿಲ್ಲ. ಹೋಲಿಸಿ ನೋಡಲು ಒಂದು ಅಳತೆ ಇರಲಿ ಅಂತ ಹೇಳಿದೆ.

ಬೀಗ ಮತ್ತು ಹಿಡಿ

ಮಡಚುವ ಚಾಕುವಿನಲ್ಲಿ ಬೆರಳು ಕುಯ್ದುಕೊಳ್ಳುವುದು ಹೆಚ್ಚಾಗಿ ಕೆಲಸದ ಮಧ್ಯೆ ಅಲಗು ತಾನೇ ಮಡಚಿಕೊಂಡಾಗ. ಅದಕ್ಕೆ ಅಲಗು ತೆರೆದ ಮೇಲೆ ಹಿಡಿದಿಡುವ ಬೀಗ ಇರಲಿ. ಬೀಗ ಇಲ್ಲದಿದ್ದರೆ ಕನಿಷ್ಠ ಬಿಗಿಯಾದ ಸ್ಪ್ರಿಂಗ್ ಇರಲಿ, ಅಂಥ ಚಾಕುವಿನಿಂದ ಚುಚ್ಚುವ ಕೆಲಸ ಮಾಡಬೇಡಿ. ಗುಂಡಿ ಒತ್ತಿದರೆ ಚಿಮ್ಮುವ ಚಾಕು ಬೇಡವೇ ಬೇಡ. ತೋಟಕ್ಕೆ ಅದರ ಉಪಯೋಗ ಇಲ್ಲ, ಪೊಲೀಸರ ಪ್ರಶ್ನೆಗೆ ಮಾತ್ರ ದಾರಿ.

ಹಿಡಿ ಒದ್ದೆ ಕೈಗೂ ಜಾರಬಾರದು. ಬಣ್ಣ ಕೆಂಪೋ ಕಿತ್ತಳೆಯೋ ಇದ್ದರೆ ಹುಲ್ಲಿನಲ್ಲಿ ಬಿದ್ದರೂ ಕಾಣುತ್ತೆ. ಹಸಿರು, ಕಪ್ಪು ಬಣ್ಣದ್ದು ತೋಟದಲ್ಲಿ ಕಳೆದುಹೋಗಲೆಂದೇ ಹುಟ್ಟಿದ ಹಾಗೆ.

ಕಸಿ ಚಾಕು ಬೇರೆಯೇ ಇರಲಿ

ಮಾವು, ಸಪೋಟ ಕಸಿ ಕಟ್ಟುವವರು ಜೇಬಿನ ಚಾಕುವನ್ನೇ ಅದಕ್ಕೂ ಬಳಸಬೇಡಿ. ಸಾಮಾನ್ಯ ಚಾಕುವಿನ ಬಾಯಿ ಎರಡೂ ಕಡೆ ಇಳಿಜಾರು. ಕಸಿ ಚಾಕು ಒಂದೇ ಕಡೆ ಇಳಿಜಾರು, ಇನ್ನೊಂದು ಕಡೆ ಪೂರ್ತಿ ಚಪ್ಪಟೆ. ಚಪ್ಪಟೆ ಕಡೆಯಿಂದ ಕುಯ್ದರೆ ಕಡ್ಡಿಯ ಮುಖ ಸಪಾಟಾಗಿ ಬರುತ್ತೆ. ಮೆದುಕಾಂಡ ಕಸಿಯಲ್ಲಿ ಕಸಿ ಕಡ್ಡಿಯನ್ನು 3ರಿಂದ 4 ಸೆಂ.ಮೀ. ಬೆಣೆಯ ಆಕಾರಕ್ಕೆ ಕೆತ್ತುತ್ತೇವೆ. ಅದರ ಮುಖ ಬೇರುಗಿಡದ ಸೀಳಿಗೆ ಸಂದಿಲ್ಲದೆ ಕೂತರೆ ಮಾತ್ರ ಕಸಿ ಹಿಡಿಯುತ್ತೆ. ಮುಖ ಉಬ್ಬಿದ್ದರೆ ನಡುವೆ ಗಾಳಿ ಉಳಿದು ಕಡ್ಡಿ ಒಣಗುತ್ತೆ. ಡ್ರಿಪ್ ಪೈಪು ಕುಯ್ದ ಬಾಯಿಯಲ್ಲಿ ಈ ಕೆಲಸ ಆಗಲ್ಲ.

ಎಡಗೈಯವರು ಒಂದು ವಿಷಯ ಕೇಳಿ ಕೊಳ್ಳಿ. ಅಂಗಡಿಯಲ್ಲಿ ಸಿಗುವ ಕಸಿ ಚಾಕು ಹೆಚ್ಚಾಗಿ ಬಲಗೈಯವರಿಗೆ ಮಾಡಿದ್ದು. ನಿಮಗೆ ಇಳಿಜಾರು ಎದುರು ಬದಿಗೆ ಇರಬೇಕು.

ಚಾಕು ರೋಗ ಪತ್ತೆಗೂ ಬೇಕು

ಹರಿತವಾದ ಚಾಕು ಜೇಬಿನಲ್ಲಿದ್ದರೆ ಅರ್ಧ ರೋಗಗಳನ್ನು ತೋಟದಲ್ಲೇ ಗುರುತಿಸಬಹುದು.

ಕಬ್ಬಿನಲ್ಲಿ ಎಲೆ ಹಳದಿಯಾಗಿ ಒಣಗುತ್ತಿದ್ದರೆ ಜಲ್ಲೆಯನ್ನು ಉದ್ದಕ್ಕೆ ಸೀಳಿ. ಒಳಗೆ ಕೆಂಪಾಗಿ, ನಡುನಡುವೆ ಅಡ್ಡ ಬಿಳಿ ಪಟ್ಟೆ ಇದ್ದು, ಹುಳಿ ವಾಸನೆ ಬಂದರೆ ಅದು ಕೆಂಪು ಕೊಳೆ ರೋಗ. ಕೂಳೆ ಕಬ್ಬು ವರ್ಷದಿಂದ ವರ್ಷಕ್ಕೆ ಸಣ್ಣಗಾಗುತ್ತಿದ್ದರೆ, ಬಲಿತ ಜಲ್ಲೆಯ ಗೆಣ್ಣನ್ನು ತೆಳ್ಳಗೆ ಕೆತ್ತಿ ನೋಡಿ. ಒಳಗೆ ಕಿತ್ತಳೆ ಕೆಂಪು ಚುಕ್ಕೆ, ಗೆರೆ ಕಂಡರೆ ಕೂಳೆ ಕುಂಠಿತ ರೋಗದ ಅನುಮಾನ ಪಡಿ.

ಬಾಳೆಯಲ್ಲಿ ಹಳೇ ಎಲೆಗಳು ಹಳದಿಯಾಗಿ ಕಾಂಡಕ್ಕೆ ಜೋತುಬಿದ್ದರೆ ಕಾಂಡವನ್ನು ಸೀಳಿ. ಕೆಂಪು ಕಂದು ಗೆರೆ ಇದ್ದರೆ ಪನಾಮ ಸೊರಗು ರೋಗ ಇರಬಹುದು.

ಟೊಮೆಟೊ, ಬದನೆ ಗಿಡ ಹಸಿರಾಗಿದ್ದಂತೆಯೇ ಸೊರಗಿದರೆ ಬುಡದ ಕಾಂಡದ 5 ಸೆಂ.ಮೀ. ತುಂಡು ಕುಯ್ದು, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನ ಎಳೆಯಂತೆ ಬಿಳಿ ದ್ರವ ಇಳಿದರೆ ಅದು ದುಂಡಾಣು ಸೊರಗು ರೋಗ. ಖರ್ಚು ಏನೂ ಇಲ್ಲ. ಸುಮ್ಮನೆ ಶಿಲೀಂಧ್ರನಾಶಕ ಸುರಿಯುವುದು ಉಳಿಯುತ್ತೆ. ಅನುಮಾನ ಉಳಿದರೆ ಮಾದರಿ ತೆಗೆದುಕೊಂಡು ಮಂಡ್ಯದ ವಿ.ಸಿ. ಫಾರಂಗೆ ಹೋಗಿ ತೋರಿಸಿ.

ರೋಗ ನೋಡಿದ ಚಾಕು ರೋಗ ಹರಡದಿರಲಿ

ಮೇಲಿನ ಯಾವುದೇ ಪರೀಕ್ಷೆ ಮಾಡಿದ ಮೇಲೆ ಅದೇ ಚಾಕುವನ್ನು ಪ್ಯಾಂಟಿಗೆ ಒರೆಸಿ ಮುಂದಿನ ಗಿಡಕ್ಕೆ ಹೋದರೆ ರೋಗವನ್ನು ನಾವೇ ಹೊತ್ತು ನೆಟ್ಟ ಹಾಗೆ. ಕೂಳೆ ಕುಂಠಿತ ರೋಗದ ದುಂಡಾಣು ಕಬ್ಬಿನ ರಸದಲ್ಲೇ ಇರುತ್ತೆ, ಕಡಿಯುವ ಅಲಗಿನಿಂದಲೇ ಜಲ್ಲೆಯಿಂದ ಜಲ್ಲೆಗೆ ಹೋಗುತ್ತೆ. ಹೊರಗೆ ಲಕ್ಷಣ ಕಾಣಿಸದ ಕಾರಣ, "ಯಾಕೋ ಈ ಸಲ ಕೂಳೆ ಸರಿ ಬರಲಿಲ್ಲ" ಅಂತ ನೀರಿನ ಮೇಲೋ ಗೊಬ್ಬರದ ಮೇಲೋ ತಪ್ಪು ಹೊರಿಸ್ತೀವಿ. ಬಿತ್ತನೆ ಕಬ್ಬು ಕಡಿಯುವ ಮಚ್ಚಿಗೂ ಈ ಮಾತು ಅನ್ವಯ. ಈ ರೋಗಕ್ಕೆ ಬಿತ್ತನೆ ತುಂಡನ್ನು 50 ಡಿಗ್ರಿ ಬಿಸಿನೀರಿನಲ್ಲಿ 2 ಗಂಟೆ ಇಡುವ ಉಪಚಾರ ಇದೆ. ಆದರೆ ಉಪಚಾರ ಮಾಡಿದ ತುಂಡನ್ನು ಕೊಳಕು ಮಚ್ಚಿನಲ್ಲಿ ಕಡಿದರೆ ಪಟ್ಟ ಶ್ರಮ ನೀರುಪಾಲು. ದಾಳಿಂಬೆ ಬೆಳೆಯುವ ಕಡೆ ದುಂಡಾಣು ಅಂಗಮಾರಿ ರೋಗವೂ ಸವರುವ ಕತ್ತರಿಯಿಂದ ಹೀಗೇ ಹರಡುತ್ತೆ.

ಎಲ್ಲಾ ರೋಗವೂ ಚಾಕುವಿನಿಂದ ಬರಲ್ಲ. ಬಾಳೆಯ ಬಂಚಿ ಟಾಪ್ ನಂಜುರೋಗ ಹರಡುವುದು ಸಸ್ಯಹೇನಿನಿಂದ ಮತ್ತು ರೋಗದ ಕಂದಿನಿಂದ. ಆದರೆ ಯಾವುದು ಎಂದು ಗೊತ್ತಾಗುವ ತನಕ ಚಾಕು ಒರೆಸಿದರೆ ನಷ್ಟ ಏನೂ ಇಲ್ಲ.

ಮಾಡಬೇಕಾದ್ದು ಇಷ್ಟೇ:

1. ಮೊದಲು ಬಟ್ಟೆಯಿಂದ ಮಣ್ಣು, ಸೊನೆ ಒರೆಸಿ. ಕೊಳೆಯ ಮೇಲೆ ಯಾವ ಔಷಧಿಯೂ ಕೆಲಸ ಮಾಡಲ್ಲ.
2. ಮೆಡಿಕಲ್ ಅಂಗಡಿಯ ಸ್ಪಿರಿಟ್ ಅಥವಾ ಶೇ. 70ರ ಆಲ್ಕೋಹಾಲಿನಲ್ಲಿ ಅಲಗನ್ನು ಅರ್ಧ ನಿಮಿಷ ಅದ್ದಿ. ಬೀಡಿ, ಬೆಂಕಿ ಹತ್ತಿರ ಬೇಡ.
3. ಹೆಚ್ಚು ಗಿಡ ಇದ್ದರೆ ಎರಡು ಚಾಕು ಇಟ್ಟುಕೊಳ್ಳಿ. ಒಂದು ಸ್ಪಿರಿಟ್ಟಿನಲ್ಲಿ, ಒಂದು ಕೈಯಲ್ಲಿ.
4. ಆರೋಗ್ಯದ ಗಿಡ ಮೊದಲು, ರೋಗದ ಗಿಡ ಕೊನೆಗೆ.
5. ಟೊಮೆಟೊ, ಮೆಣಸಿನಕಾಯಿಗೆ ಬರುವ ತಂಬಾಕು ಮೊಸಾಯಿಕ್ ನಂಜಿಗೆ ಸ್ಪಿರಿಟ್ ಸಾಲದು. ಕೈ, ಚಾಕು ಸೋಪಿನಲ್ಲಿ ತೊಳೆದು, 1 ಲೀಟರ್ ನೀರಿಗೆ 200 ಗ್ರಾಂ ಕೆನೆರಹಿತ ಹಾಲಿನ ಪುಡಿ ಕಲಸಿ ಅದರಲ್ಲಿ ಅದ್ದಿ.

ಬ್ಲೀಚಿಂಗ್ ದ್ರಾವಣವೂ ರೋಗಾಣು ಕೊಲ್ಲುತ್ತೆ, ಆದರೆ ಉಕ್ಕನ್ನು ತಿನ್ನುತ್ತೆ. ಬಳಸಿದರೆ ಕೂಡಲೇ ನೀರಿನಲ್ಲಿ ತೊಳೆದು ಒರೆಸಿ. "ನಾವು ಸಾವಯವದವರು, ಜೀವಾಮೃತದಲ್ಲಿ ಅದ್ದಿದರೆ ಸಾಲದೇ?" ಅಂತ ಕೇಳುವವರಿದ್ದಾರೆ. ಸಾಲದು. ಜೀವಾಮೃತ ಇರುವುದೇ ಜೀವಾಣು ಬೆಳೆಸಲು. ಅದು ಮಣ್ಣಿಗೆ ಹೋಗಲಿ, ಅಲಗಿಗೆ ಬೇಡ. ನಾನೂ ಸಾವಯವದವನೇ, ನನ್ನ ಚೀಲದಲ್ಲಿ ಸ್ಪಿರಿಟ್ ಬಾಟಲಿ ಯಾವಾಗಲೂ ಇರುತ್ತೆ.

ಹರಿತ ಮಾಡುವುದು

ಮೊಂಡು ಚಾಕುವೇ ಹೆಚ್ಚು ಅಪಾಯ. ಒತ್ತಿ ಕುಯ್ಯುವಾಗ ಜಾರಿ ಕೈಗೆ ಬರುತ್ತೆ. ಒಂದು ಕಡೆ ಒರಟು, ಒಂದು ಕಡೆ ನುಣುಪಾದ ಸಾಣೆಕಲ್ಲು ಮನೆಯಲ್ಲಿರಲಿ. ಚಾಕುವನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿದರೆ 90 ಡಿಗ್ರಿ. ಅರ್ಧ ಬಗ್ಗಿಸಿದರೆ 45, ಮತ್ತೆ ಅರ್ಧ ಬಗ್ಗಿಸಿದರೆ ಸುಮಾರು 22. ದಿನದ ಚಾಕುವಿಗೆ ಅದೇ ಓರೆ. ಅದೇ ಓರೆಯಲ್ಲಿ ಒಂದು ಬದಿ ಮಸೆಯಿರಿ. ಎದುರು ಬದಿಯಲ್ಲಿ ಬೆರಳಿಗೆ ಸಣ್ಣ ಒರಟು ತಾಗಿದ ಮೇಲೆ ಬದಿ ಬದಲಿಸಿ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಮೇಲೆ ಹಿಮ್ಮುಖವಾಗಿ ಹತ್ತು ಸಲ ಎಳೆಯಿರಿ. ಕಸಿ ಚಾಕುವನ್ನು ಇಳಿಜಾರಿನ ಕಡೆ ಮಾತ್ರ ಮಸೆದು, ಚಪ್ಪಟೆ ಕಡೆಯನ್ನು ಕಲ್ಲಿಗೆ ಪೂರ್ತಿ ಒರಗಿಸಿ ಒಂದೆರಡು ಸಲ ಎಳೆದರೆ ಸಾಕು.

ಹರಿತ ನೋಡಲು ಹಳೇ ದಿನಪತ್ರಿಕೆ ಕುಯ್ಯಿರಿ, ಹೆಬ್ಬೆರಳಲ್ಲ. ಕರೆಂಟಿನ ಸಾಣೆ ಚಕ್ರಕ್ಕೆ ಕೊಟ್ಟರೆ ಅಲಗು ಕಾದು ನೀಲಿಯಾಗದಂತೆ ನೋಡಿಕೊಳ್ಳಿ. ನೀಲಿ ಬಂದರೆ ಹದ ಹೋಯಿತು ಅಂತಲೇ ಅರ್ಥ, ಆ ಜಾಗ ಮತ್ತೆ ಹರಿತ ಹಿಡಿಯಲ್ಲ. ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ, ಕಾರ್ಬನ್ ಅಲಗಿಗೆ ಕೊಬ್ಬರಿ ಎಣ್ಣೆ ತೆಳುವಾಗಿ ಸವರಿ.

ಕಾನೂನು, ಪ್ರಯಾಣ, ಗಾಯ

2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಅಲಗಿನ ಚಾಕು, ಕತ್ತಿಗಳು ಬರುತ್ತವೆ. ಮನೆ ಬಳಕೆಗೆ, ಕೃಷಿಗೆಂದು ಮಾಡಿದವನ್ನು ಅದರಿಂದ ಹೊರಗಿಟ್ಟಿದ್ದಾರೆ. ಮೂರು ಅಂಗುಲದ ಜೇಬಿನ ಚಾಕು ಇದರಿಂದ ಬಹಳ ದೂರ. ಆದರೂ ಕೋರ್ಟು, ಮೆಟ್ರೋ ನಿಲ್ದಾಣದಂಥ ತಪಾಸಣೆ ಇರುವ ಕಡೆಗೆ ಹೋಗುವ ದಿನ ಮನೆಯಲ್ಲೇ ಬಿಡಿ. ವಿಮಾನದಲ್ಲಿ ಕೈಚೀಲದಲ್ಲಿ ಬಿಡುವುದಿಲ್ಲ.

ಕೈ ಕುಯ್ದರೆ ಸುಣ್ಣ, ಕಾಫಿ ಪುಡಿ ಹಾಕಬೇಡಿ. ಹರಿಯುವ ನೀರಿನಲ್ಲಿ ಸೋಪಿನಿಂದ ತೊಳೆದು, ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ. ಆಳದ ಗಾಯ, ಮಣ್ಣು ಸೇರಿದ ಗಾಯ ಆದರೆ ಆಸ್ಪತ್ರೆಗೆ ಹೋಗಿ ಧನುರ್ವಾಯು ಇಂಜೆಕ್ಷನ್ ಬಗ್ಗೆ ಕೇಳಿ.

ಅಂಗಡಿಯಲ್ಲಿ ನೋಡಬೇಕಾದ್ದು

ತೆರೆದು ಅಲಗನ್ನು ಅಕ್ಕಪಕ್ಕ ಅಲ್ಲಾಡಿಸಿ, ಸಡಿಲ ಇರಬಾರದು. ಬೀಗ ಹಾಕಿ ಅಲಗಿನ ಬೆನ್ನನ್ನು ಮೆಲ್ಲಗೆ ಒತ್ತಿ, ಮಡಚಬಾರದು. ಮಡಚಿದಾಗ ಬಾಯಿ ಎಲ್ಲೂ ಹೊರಗೆ ಇಣುಕಬಾರದು. ಒಳಗಿನ ಸಂದಿ ತೊಳೆಯಲು ಬರುವಷ್ಟು ತೆರೆದಿರಲಿ, ಸೊನೆ ಕಟ್ಟಿಕೊಳ್ಳುವುದೂ ರೋಗ ಉಳಿಯುವುದೂ ಅಲ್ಲೇ. ಕೊನೆಗೆ ಒಂದು ಕಾಗದ ಕುಯ್ದು ನೋಡಿ.

ಇಷ್ಟು ದಾಟಿದ ಚಾಕು ಸಂತೆಯದಾದರೂ ಸರಿ, ಕುಲುಮೆಯದಾದರೂ ಸರಿ, ಹೊರದೇಶದ್ದಾದರೂ ಸರಿ. ಅದರ ಜೊತೆ ಒಂದು ತುಂಡು ಬಟ್ಟೆ, ಒಂದು ಸಣ್ಣ ಸ್ಪಿರಿಟ್ ಬಾಟಲಿ ಸೇರಿಸಿ ಇಟ್ಟುಕೊಳ್ಳಿ. ಈ ಮೂರೂ ಒಟ್ಟಿಗಿದ್ದರೇ ತೋಟದ ಚಾಕು ಪೂರ್ತಿಯಾಗುವುದು.