ಹುಳಕ್ಕೆ ಜ್ವರ, ವರದಿಗೆ ಸಾಧನೆ

ನಮ್ಮ ವಿಭಾಗದ ಆ ವರ್ಷದ ಸಾಧನಾ ವರದಿಯ ಹನ್ನೊಂದನೇ ಪುಟವನ್ನು ನಾನು ಈಗಲೂ ತೆರೆಯುವುದಿಲ್ಲ. ಉಳಿದ ಪುಟಗಳಲ್ಲಿ ಎಲ್ಲ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಇರುವಂಥದ್ದೇ: ಕ್ಯಾಂಪಸ್ ಆಯ್ಕೆ, ಹ್ಯಾಕಥಾನ್ ಬಹುಮಾನ, ಸೆಪ್ಟೆಂಬರ್ 15ಕ್ಕೆ ಮುದ್ದೇನಹಳ್ಳಿಗೆ ಹೋಗಿ ವಿಶ್ವೇಶ್ವರಯ್ಯನವರ ಸಮಾಧಿಗೆ ಹಾರ ಹಾಕಿದ ಫೋಟೊ. ಹನ್ನೊಂದರಲ್ಲಿರುವುದು ನನ್ನ ಪ್ರಾಜೆಕ್ಟು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಊರಿಗೊಬ್ಬರಂತೆ ನಾಲ್ವರು ಹುಡುಗರು. ಶಿಡ್ಲಘಟ್ಟದವನ ಮನೆಯಲ್ಲಿ ರೇಷ್ಮೆ. ಹುಳುಮನೆಯ ತೇವ ಅಳೆಯಲು ಒಂದು ಸೆನ್ಸರ್. ತೇವ ಶೇ 75ಕ್ಕಿಂತ ಇಳಿದರೆ ತಾನೇ ಮಂಜು ಚಿಮ್ಮಿಸುವ ಫಾಗರ್. ಡಿಸೆಂಬರಿನಲ್ಲಿ ಇನ್ನೂರು ಮೊಟ್ಟೆಯ ಬೆಳೆಗೆ ಅದನ್ನು ಕಟ್ಟಿದೆವು.

ಮೂರನೇ ವಾರ ಹುಡುಗ ಫೋನ್ ಮಾಡಿದ. ‘ಸಾರ್, ಹುಳ ನಾಲ್ಕನೇ ಜ್ವರಕ್ಕೆ ಕೂತವೆ, ಎರಡು ದಿನ ಮೆಷಿನ್ ಆಫ್ ಮಾಡ್ಲಾ?’ ನಾನು ಕರಾವಳಿಯವನು. ಜ್ವರ ಎಂದರೆ ಕಾಯಿಲೆ ಅಂದುಕೊಂಡೆ. ಕಾಯಿಲೆ ಬಿದ್ದ ಹುಳಕ್ಕೆ ತೇವ ಇನ್ನೂ ಸರಿಯಾಗಿರಬೇಕಲ್ಲ! ಮೇಲಾಗಿ ಮಧ್ಯೆ ಎರಡು ದಿನದ ಡೇಟಾ ಹೋದರೆ ಗ್ರಾಫ್ ಹರಿಯುತ್ತದೆ. ಮಾನ್ಯತಾ ಸಮಿತಿ ಬರುವ ಮುಂಚೆ ‘ಫಲಿತಾಂಶ’ ಬೇಕೆಂದು ನಮ್ಮ ಸಂಯೋಜಕರು ದಿನಕ್ಕೆರಡು ಸಲ ಮೆಸೇಜ್ ಹಾಕುತ್ತಿದ್ದರು. ‘ಮುಟ್ಟಬೇಡ’ ಎಂದೆ.

ಜ್ವರವೆಂದರೆ ಹುಳು ಪೊರೆ ಬಿಡುವ ಹೊತ್ತು. ತಲೆಯೆತ್ತಿ ಅಲ್ಲಾಡದೆ ಕೂತಿರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಆಗ ಹಾಸಿಗೆ ಒಣಗಿರಲೇಬೇಕು, ಅದಕ್ಕೇ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಸೊಪ್ಪು ಹಾಕುವ ಕೆಲಸವಿಲ್ಲದ ಆ ಬಿಡುವಿನಲ್ಲಿ ಮನೆಯವರು ಚಿಂತಾಮಣಿಯ ನೆಂಟರಲ್ಲಿಗೆ ಹೋಗಿದ್ದರು. ಮಧ್ಯಾಹ್ನದ ಬಿಸಿಲಿಗೆ ತೇವ ಇಳಿದಿದ್ದೇ ತಡ, ನಮ್ಮ ಯಂತ್ರ ಕೆಲಸ ಶುರು ಮಾಡಿತು.

ಮರುದಿನ ನಾನು ಹೋದಾಗ ತಟ್ಟೆಗಳ ಮೇಲೆ ಸುಣ್ಣ ಹಿಟ್ಟಿನಂತೆ ಕಲಸಿಹೋಗಿತ್ತು. ಪೊರೆ ಅರ್ಧ ಬಿಟ್ಟ ಹುಳುಗಳು ಅದರಲ್ಲಿ ಅಂಟಿಕೊಂಡಿದ್ದವು. ಹುಡುಗನ ತಾಯಿ ಒಂದನ್ನು ಅಂಗೈಗೆ ತೆಗೆದುಕೊಂಡು ಸೆರಗಿನ ತುದಿಯಿಂದ ಒರೆಸುತ್ತ, ‘ಜ್ವರ ಬಂದೋರ ಮೇಲೆ ಯಾರಾದ್ರೂ ತಣ್ಣೀರು ಹುಯ್ತಾರಾ ಸಾ?’ ಎಂದರು. ಬೈದಿದ್ದರೆ ಚೆನ್ನಾಗಿತ್ತು. ವಾರದೊಳಗೆ, ಇನ್ನೇನು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಏರಬೇಕಿದ್ದ ಹುಳುಗಳು ಸೀಮೆಸುಣ್ಣದ ಕಡ್ಡಿಯಂತೆ ಬಿಳುಚಿ ಸೆಟೆದವು. ಸುಣ್ಣಕಟ್ಟು ರೋಗ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಆ ಬೆಳೆಯಿಂದ ಹೋದದ್ದು ಒಂದೇ ಚೀಲ.

ಅಷ್ಟರಲ್ಲಿ ವರದಿ ಅಚ್ಚಾಗಿತ್ತು. ಫಾಗರ್ ಮಂಜು ಚಿಮ್ಮಿಸುವ ಚಿತ್ರ, ಕೆಳಗೆ ‘ರೈತರ ಮನೆಬಾಗಿಲಿಗೆ ತಂತ್ರಜ್ಞಾನ’. ತಿದ್ದಿ ಎಂದೆ. ‘ಸಮಿತಿಗೆ ಹುಳ ಎಲ್ಲಿ ಗೊತ್ತಾಗುತ್ತೆ ಬಿಡಿ’ ಎಂದರು ಸಂಯೋಜಕರು. ಅವರನ್ನು ಬೈಯುವುದು ಸುಲಭ. ಆದರೆ ‘ಮುಟ್ಟಬೇಡ’ ಅಂದ ಬಾಯಿ ನನ್ನದು. ಮೊಟ್ಟೆ, ಸೊಪ್ಪಿನ ಖರ್ಚು ಕೈಯಿಂದ ಕೊಟ್ಟೆ. ಆ ಮನೆಯವರ ದುಡಿಮೆಗೆ ಏನು ಕೊಡಲಿ?

ಪ್ರಾಜೆಕ್ಟ್ ಮಾಡಿಸುವವರಿಗೆ ಹೇಳುವುದಿಷ್ಟು. ಮೊದಲು ಒಂದು ಪೂರ್ತಿ ಬೆಳೆ ಸುಮ್ಮನೆ ಕೂತು ನೋಡಿ. ಆ ಕಸುಬಿನ ಮಾತು ಕಿವಿಗೆ ಬಿದ್ದರೆ ಅರ್ಥ ಕೇಳಿ, ನಾಚಿಕೆ ಬೇಡ.

ಮುಂದಿನ ಬೆಳೆಗೆ ಹುಡುಗರು ಒಂದು ಕೆಂಪು ಸ್ವಿಚ್ ಸೇರಿಸಿದರು. ಒತ್ತಿದರೆ ಫಾಗರ್ ಬಂದ್. ಪಕ್ಕದಲ್ಲಿ ಸ್ಕೆಚ್ ಪೆನ್ನಿನಲ್ಲಿ ‘ಜ್ವರ’ ಎಂದು ಬರೆದರು. ಅದು ಯಾವ ವರದಿಗೂ ಹೋಗಲಿಲ್ಲ. ಆ ತಾಯಿ ಅದಕ್ಕೆ ಕುಂಕುಮ ಇಟ್ಟಿದ್ದಾರೆ. ಒತ್ತುವುದು ಅವರೇ. ನಾನು ಹೋದರೆ ಬಾಗಿಲ ಹತ್ತಿರವೇ ಕುರ್ಚಿ ಹಾಕುತ್ತಾರೆ.