ನಿರ್ಧಾರಕ್ಕೆ ಆಸರೆ

ನಿಪ್ಪಾಣಿ, ಚಿಕ್ಕೋಡಿಗಳ ಕಡೆ ಮರಾಠಿ ಮನೆಮಾತಾಗಿರುವವರು ಅನೇಕರಿದ್ದಾರೆ. ಕಚೇರಿಯಲ್ಲಿ ಕನ್ನಡದ ಕಾಗದ ಕೈಗೆ ಬಂದಾಗ ಅವರಲ್ಲಿ ಕೆಲವರು ಬಲ್ಲವರಿಂದ ಓದಿಸಿ, ಅರ್ಥ ಕೇಳಿಕೊಂಡು, ಬಳಿಕ ಸಹಿ ಮಾಡುವುದುಂಟು. ಕನ್ನಡವನ್ನೇ ಆಡುವ, ಆದರೆ ಓದು ಬಾರದ ರೈತನೂ ಹೀಗೆಯೇ ಮಾಡುತ್ತಾನೆ. ಓದಿ ಹೇಳಿದವನು ನೆರವಾದನು; ನಿರ್ಧಾರ ಮಾಡಿದವನು ಸಹಿ ಹಾಕಿದವನೇ. ಇಂಥವನಿಗೆ ಪಾಲಕನೊಬ್ಬನು ಬೇಕೆಂದು ಯಾರೂ ಹೇಳುವುದಿಲ್ಲ. ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ವಯಸ್ಕರ ವಿಷಯದಲ್ಲಿ ಮಾತ್ರ ಜನರ ಎಣಿಕೆ ಬೇರೆ.

ರಾಯಬಾಗ, ಅಥಣಿ, ಕಾಗವಾಡಗಳ ಕೃಷ್ಣಾತೀರದಲ್ಲಿ ಕಬ್ಬು ಬೆಳೆಯುವ ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ತಂದೆ ತೀರಿಕೊಂಡಿದ್ದಾನೆ. ಹೊಲದ ಉತಾರದಲ್ಲಿ ಅಣ್ಣತಮ್ಮಂದಿರಿಬ್ಬರ ಹೆಸರುಗಳಿವೆ. 25 ವರ್ಷದ ತಮ್ಮನು ದನಗಳ ಆರೈಕೆಯಲ್ಲಿ ನಿಪುಣನು. ಲೆಕ್ಕದಲ್ಲಿ ಅವನಿಗೆ ತೊಡಕು. ಹೊಲದ ಒಂದು ಭಾಗವನ್ನು ಮಾರುವ ಮಾತು ಬಂದಾಗ ನೆರೆದ ಹಿರಿಯರು ಅವನೆದುರಿನಲ್ಲಿಯೇ, “ಅವನಿಗೇನು ತಿಳಿದೀತು?” ಎಂದು ಅಣ್ಣನನ್ನು ಕೇಳುತ್ತಾರೆ. ಇದು ಹಗೆತನದ ಮಾತಲ್ಲ. ಆದರೂ ಅರ್ಧ ಹೊಲದ ಒಡೆಯನು ಆ ಕ್ಷಣದಲ್ಲಿ ಮಗುವಾಗಿಬಿಡುತ್ತಾನೆ.

18 ವರ್ಷ ತುಂಬಿದ ಮೇಲೆ ತಂದೆತಾಯಿಗಳೂ ಕಾನೂನಿನ ದೃಷ್ಟಿಯಲ್ಲಿ ಮಕ್ಕಳ ಪಾಲಕರಾಗಿ ಉಳಿಯುವುದಿಲ್ಲ. ಆದುದರಿಂದ ಇಂಥವರಿಗೆ ಪಾಲಕರನ್ನು ನೇಮಿಸುವ ಏರ್ಪಾಡನ್ನು 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆ ಮಾಡಿತು. ಪಾಲಕನು 6 ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನು ಒಪ್ಪಿಸಬೇಕು; ವರ್ಷವರ್ಷವೂ ಲೆಕ್ಕ ತೋರಿಸಬೇಕು. ಆಸ್ತಿಗೆ ಇದರಿಂದ ರಕ್ಷಣೆ ದೊರೆಯಿತು, ನಿಜ. ಒಡೆಯನ ಇಚ್ಛೆಗೆ ಬೆಲೆಯೆಷ್ಟು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ವಿಶ್ವಸಂಸ್ಥೆಯು 2006ರಲ್ಲಿ ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆ ಈ ಪ್ರಶ್ನೆಯನ್ನು ಎತ್ತಿಕೊಂಡಿತು. ವೈಕಲ್ಯವಿದೆಯೆಂಬ ಮಾತ್ರಕ್ಕೆ ಕಾನೂನಿನ ಮುಂದೆ ಯಾರ ಸ್ಥಾನವೂ ಕುಗ್ಗಬಾರದು. ನಿರ್ಧರಿಸಲು ನೆರವು ಬೇಕಾದರೆ ಅದನ್ನು ಒದಗಿಸಬೇಕು ಎಂಬುದು ಅದರ 12ನೆಯ ವಿಧಿಯ ಸಾರ. ಭಾರತವು 2007ರಲ್ಲಿ ಇದಕ್ಕೆ ಒಪ್ಪಿಗೆಯಿತ್ತಿತು. 2016ರಲ್ಲಿ ಸಂಸತ್ತು ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಕಾಯಿದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು. ಪೆರು ದೇಶವು 2018ರಲ್ಲಿ ಇನ್ನೂ ಮುಂದೆ ಹೋಗಿ, ವೈಕಲ್ಯದ ಕಾರಣಕ್ಕೆ ವಯಸ್ಕರ ಅಧಿಕಾರವನ್ನು ಕಸಿಯುವ ಪದ್ಧತಿಯನ್ನೇ ತೆಗೆದುಹಾಕಿತು.

ನೆರವೆಂದರೆ ತಮ್ಮನ ಬದಲು ಸಹಿ ಮಾಡುವುದಲ್ಲ. ಹೊಲಕ್ಕೆ ಕರೆದೊಯ್ದು ಮಾರಬೇಕೆಂದಿರುವ ಭಾಗವನ್ನು ತೋರಿಸುವುದು, ದನಗಳ ಮೇವು ಎಲ್ಲಿಂದ ಬಂದೀತೆಂಬುದನ್ನು ತಿಳಿಸುವುದು, ಬರುವ ಹಣವನ್ನು ಅವನು ಬಲ್ಲ ಎಮ್ಮೆಯ ಬೆಲೆಯೊಡನೆ ಹೋಲಿಸಿ ಹೇಳುವುದು, ಉತ್ತರಕ್ಕೆ ನಾಲ್ಕು ದಿನ ಕಾಯುವುದು: ಇವೇ ನೆರವು. ಕೊಳ್ಳುವವನು ಅಣ್ಣನೇ ಆಗಿದ್ದು ಇಬ್ಬರ ಹಿತಗಳು ಎದುರುಬದುರಾದರೆ, ಆ ವ್ಯವಹಾರದಲ್ಲಿ ಅವನು ನೆರವಿನಿಂದ ಹಿಂದೆ ಸರಿಯಬೇಕೆಂದು ಕಾಯಿದೆ ವಿಧಿಸುತ್ತದೆ. ಆಗ ಸೋದರಮಾವನೋ ನಂಬಿಕೆಯ ನೆರೆಯವನೋ ಆ ಕೆಲಸಕ್ಕೆ ಬರಬಹುದು. ನೆರವಿನವನು ಬೇಡವೆನಿಸಿದರೆ ಬದಲಿಸುವ ಹಕ್ಕು ತಮ್ಮನದು.

ತಕ್ಕ ನೆರವು ದೊರೆತರೂ ನಿರ್ಧರಿಸಲಾಗದವರೂ ಉಂಟು. ಅಂಥವರಿಗೆ ಜಿಲ್ಲಾ ನ್ಯಾಯಾಲಯವಾಗಲಿ ನಿಯುಕ್ತ ಪ್ರಾಧಿಕಾರವಾಗಲಿ ಸೀಮಿತ ಪಾಲಕನನ್ನು ಕೊಡಬಹುದು. ಅವನ ಅಧಿಕಾರ ಗೊತ್ತಾದ ವಿಷಯಕ್ಕೆ, ಗೊತ್ತಾದ ಅವಧಿಗೆ ಮಾತ್ರ. ಅದೂ ಆ ವ್ಯಕ್ತಿಯೊಡನೆ ಸಮಾಲೋಚಿಸಿ, ಅವನ ಇಚ್ಛೆಗನುಸಾರವಾಗಿ. ಬೇರೆ ಕಾಯಿದೆಗಳ ಪ್ರಕಾರ ಮೊದಲೇ ನೇಮಕಗೊಂಡ ಪಾಲಕರೂ ಇನ್ನು ಸೀಮಿತ ಪಾಲಕರೆಂದೇ ಪರಿಗಣಿತರಾಗುತ್ತಾರೆ.