ಪಶ್ಚಿಮ ಬಾಗಿಲ ಕಾವಲುಗಾರರು

ಪ್ರಶ್ನೆ: ಅಮೆರಿಕದ ನಕ್ಷೆಯಲ್ಲಿ ಸೆನೆಕಾ ಎಂಬ ಸರೋವರವಿದೆ. ಅದು ರೋಮಿನ ತತ್ವಜ್ಞಾನಿಯ ಹೆಸರೇ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅಲ್ಲ, ಅದು ಒಂದು ಜನಾಂಗದ ಹೆಸರು. ಅವರು ತಮ್ಮನ್ನು ಕರೆದುಕೊಳ್ಳುವುದು ‘ದೊಡ್ಡ ಬೆಟ್ಟದ ಜನ’ ಎಂದು. ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗ ಅವರ ತಾಯ್ನೆಲ. ಸೆನೆಕಾಗಳೂ ನೆರೆಯ ಜನಾಂಗಗಳೂ ಸೇರಿದ ಇರಾಕ್ವಾಯ್ ಒಕ್ಕೂಟವನ್ನು ಒಂದು ಉದ್ದಮನೆಯೆಂದು ಭಾವಿಸಿದರೆ ಅದರ ಪಶ್ಚಿಮದ ಬಾಗಿಲು ಕಾಯುವ ಹೊಣೆ ಸೆನೆಕಾಗಳದ್ದು. ಕುಲ ತಾಯಿಯಿಂದ ಬರುತ್ತದೆ. ಸಂಪ್ರದಾಯದಂತೆ ಮುಖಂಡನನ್ನು ಆರಿಸುವವರೂ ತಪ್ಪಿದರೆ ಕೆಳಗಿಳಿಸುವವರೂ ಕುಲದ ಹಿರಿಯ ತಾಯಂದಿರೇ. ಮೆಕ್ಕೆಜೋಳದ ದಂಟಿಗೆ ಹುರುಳಿಕಾಯಿ ಬಳ್ಳಿ ಹಬ್ಬಿಸಿ, ಬುಡದಲ್ಲಿ ಕುಂಬಳ ಬಿಟ್ಟು ಬೆಳೆಯುವ ಆ ಮೂರನ್ನು ಅಕ್ಕತಂಗಿಯರು ಎನ್ನುತ್ತಾರೆ.

ಪ್ರಶ್ನೆ: ಅವರ ನೆಲ ಕೈತಪ್ಪಿದ್ದು ಹೇಗೆ? ಈಗಲೂ ಇದ್ದಾರೆಯೇ?
– ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಇದ್ದಾರೆ ಸರ್. 1779ರಲ್ಲಿ ಜಾರ್ಜ್ ವಾಷಿಂಗ್ಟನ್ನರ ಆಜ್ಞೆಯಂತೆ ಜನರಲ್ ಸಲಿವನ್ನನ ಸೇನೆ ಸೆನೆಕಾಗಳ ಮತ್ತು ಅವರ ನೆರೆಯವರ 40ಕ್ಕೂ ಹೆಚ್ಚು ಊರುಗಳನ್ನು ಸುಟ್ಟಿತು. ಕೂಡಿಟ್ಟ ಮೆಕ್ಕೆಜೋಳ ಬೂದಿಯಾಯಿತು, ಹಣ್ಣಿನ ತೋಟಗಳು ಕೊಡಲಿಗೆ ಬಿದ್ದವು. ವಾಷಿಂಗ್ಟನ್ನರಿಗೆ ಅವರ ಭಾಷೆಯಲ್ಲಿ ‘ಊರು ಹಾಳು ಮಾಡುವವ’ ಎಂಬ ಹೆಸರೇ ನಿಂತಿತು. ಅದೇ ವಾಷಿಂಗ್ಟನ್ ಅಧ್ಯಕ್ಷರಾಗಿದ್ದಾಗ, 1794ರ ನವೆಂಬರ್ 11ರಂದು, ಕೆನನ್‌ಡೇಗ್ವಾ ಒಪ್ಪಂದವಾಯಿತು. ಉಳಿದ ನೆಲಕ್ಕೆ ಕೈಹಾಕುವುದಿಲ್ಲವೆಂದು ಅಮೆರಿಕ ಮಾತುಕೊಟ್ಟಿತು.

ಆ ಮಾತು ಕಿಂಜುವಾ ಅಣೆಕಟ್ಟಿನಲ್ಲಿ ಮುಳುಗಿತು. ಪಿಟ್ಸ್‌ಬರ್ಗ್ ನಗರವನ್ನು ನೆರೆಯಿಂದ ಕಾಪಾಡಲೆಂದು ಕಟ್ಟಿದ್ದು. ನಿಲ್ಲಿಸಿ ಎಂದು ಬೇಡಿದರೂ 1961ರಲ್ಲಿ ಅಧ್ಯಕ್ಷ ಕೆನಡಿ ಒಪ್ಪಲಿಲ್ಲ. 1965ಕ್ಕೆ ಕಟ್ಟೆ ಮುಗಿಯಿತು; ಸುಮಾರು 10,000 ಎಕರೆ ಮುಳುಗಡೆಯಾಯಿತು, ಸುಮಾರು 600 ಮಂದಿ ಮನೆ ಬಿಟ್ಟರು. ಒಪ್ಪಂದಕ್ಕೆ ರುಜು ಹಾಕಿದ್ದ ಮುಖಂಡ ಕಾರ್ನ್‌ಪ್ಲಾಂಟರನ ಗೋರಿಯನ್ನೂ ಅಗೆದು ಸಾಗಿಸಬೇಕಾಯಿತು. ಇದನ್ನು ನಾನು ಅಭಿವೃದ್ಧಿ ಎನ್ನಲಾರೆ, ವಚನಭಂಗ ಎನ್ನುತ್ತೇನೆ.

ಆದರೂ ಒಪ್ಪಂದದ ಪ್ರಕಾರ ಸರ್ಕಾರ ಇಂದಿಗೂ ವರ್ಷವರ್ಷ ಬಟ್ಟೆ ಕಳಿಸುತ್ತದೆ. ಅದಕ್ಕೆಂದು ನಿಗದಿಯಾದ 4,500 ಡಾಲರ್ ಅಂದಿನಿಂದ ಬದಲಾಗಿಲ್ಲ. ಹಾಗಾಗಿ ತುಂಡು ಚಿಕ್ಕದಾಗುತ್ತ ಬಂದಿದೆ. ಅಂಗಿಗೂ ಸಾಲದ ಆ ಬಿಳಿ ಬಟ್ಟೆಯನ್ನು ಅವರು ಬಿಡುವುದಿಲ್ಲ. ಒಪ್ಪಂದ ಸತ್ತಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮವರು ನಯಾಗರ ನೋಡದೆ ಮರಳುವುದಿಲ್ಲ. ಅಲ್ಲಿಂದ ಕಾರಿನಲ್ಲಿ ಎರಡು ಗಂಟೆಯೊಳಗೆ, ವಿಕ್ಟರ್ ಎಂಬ ಊರಲ್ಲಿ, ಗನೊಂಡಗನ್ ಇದೆ. 1687ರಲ್ಲಿ ಫ್ರೆಂಚರ ದಾಳಿಗೆ ನಾಶವಾದ ಸೆನೆಕಾ ಊರು ಅದು. ಈಗ ಅಲ್ಲಿ ಮರದ ತೊಗಟೆ ಹೊದಿಸಿದ ಉದ್ದಮನೆಯೊಂದನ್ನು ಮತ್ತೆ ಕಟ್ಟಿದ್ದಾರೆ. ದಯವಿಟ್ಟು ಒಮ್ಮೆ ಒಳಗೆ ಹೋಗಿ ಬನ್ನಿ.